ಸದ್ದಿಲ್ಲದೆ ಬಂದವನು

ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಇನ್‌ಸ್ಪೆಕ್ಟರ್ ಮೊದಲ ಸಲ ಮನೆಗೆ ಬಂದ ಸಂಜೆ, ಅವನು ಬೂಟು ಬಿಚ್ಚಿ ಹೊಸ್ತಿಲು ದಾಟುವವರೆಗೂ ಒಳಗಿದ್ದ ಯಾರಿಗೂ ಗೊತ್ತಾಗಲಿಲ್ಲ. ನಡುಮನೆಯಲ್ಲಿ ಅವನ ತಾಯಿ ಅವನದೇ ಹಳೆಯ ಕೋಟು ತೊಟ್ಟುಕೊಂಡು, ಕೈ ಹಿಂದಕ್ಕೆ ಕಟ್ಟಿಕೊಂಡು ಶತಪಥ ಹಾಕುತ್ತಿದ್ದಳು. ಹೆಂಡತಿ ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳು ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದಳು.

"ಯಾರದು, ಬಚ್ಚಲುಮನೆ ದೀಪ ಆರಿಸದೆ ಬಂದಿದ್ದು?" ತಾಯಿ ಮೂಗಿನ ತುದಿ ಉಜ್ಜಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದಳು. "ನಾನೇನು ಕರೆಂಟ್ ಕಂಪನಿ ಅಳಿಯನಾ?"

"ಅಜ್ಜೀ, ಸಾಕು, ಉಸಿರು ಕಟ್ತಿದೆ!" ಎಂದಳು ಮೊಮ್ಮಗಳು. ಅಜ್ಜಿ ಗತ್ತಿನಿಂದ ಹಿಂದಕ್ಕೆ ತಿರುಗಿದಳು. ಬಾಗಿಲಲ್ಲಿ ಮಗ ನಿಂತಿದ್ದ.

ನಗು ಅಲ್ಲಿಗೇ ನಿಂತಿತು. ಮಗಳು ಕೈಗೆ ಸಿಕ್ಕ ಪುಸ್ತಕ ಬಿಡಿಸಿದಳು, ಅದು ತಲೆಕೆಳಗಾಗಿತ್ತು. ಹೆಂಡತಿ ಅಡುಗೆಮನೆಗೆ ಹೋದಳು. ತಾಯಿ ಕೋಟು ಕಳಚಿ ಮಡಚತೊಡಗಿದಳು. "ಧೂಳು ಕೊಡವೋಣ ಅಂತ ತೆಗೆದೆ ಕಣೋ," ಎಂದಳು.

"ಗಾಡಿ ಸದ್ದೇ ಆಗ್ಲಿಲ್ವಲ್ರೀ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು. ತಪ್ಪು ಅವನದೇ ಎಂಬಂತಿತ್ತು ದನಿ.

"ಅದಕ್ಕೆ ಸದ್ದಿಲ್ಲ."

"ಸದ್ದಿಲ್ಲದ ಗಾಡಿನ ಯಾರಾದ್ರೂ ತಗೋತಾರಾ?"

ಅಂಗಡಿಗಳ ತಕ್ಕಡಿ, ತೂಕದ ಬಟ್ಟು ತಪಾಸಣೆ ಮಾಡುವುದು ಅವನ ಕೆಲಸ. ಹೇಳದೆ ಕೇಳದೆ ನುಗ್ಗಿದರೆ ಮಾತ್ರ ಕಳ್ಳ ತೂಕ ಕೈಗೆ ಸಿಗುತ್ತದೆ ಎಂದು ಕೈಕೆಳಗಿನವರಿಗೆ ಪಾಠ ಹೇಳುತ್ತಿದ್ದ. ಸ್ವಂತ ಮನೆಗೆ ಮಾತ್ರ ಇಷ್ಟು ವರ್ಷವೂ ಅವನು ಬಂದದ್ದು ಡಂಗುರ ಹೊಡೆಸಿಕೊಂಡೇ. ಹಳೆಯ ಪೆಟ್ರೋಲ್ ಕಾರಿನ ಸೈಲೆನ್ಸರ್ ತೂತುಬಿದ್ದಿತ್ತು. ಬೀದಿಯ ತಿರುವಿನಲ್ಲೇ ಅದು ಕೆಮ್ಮಲು ಶುರುಮಾಡುತ್ತಿತ್ತು. ಅವನು ಕಾರು ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಬೇಡದ ದೀಪಗಳು ಆರಿ, ಟೀವಿ ಸುಮ್ಮನಾಗಿ, ಪುಸ್ತಕಗಳು ತೆರೆದುಕೊಂಡಿರುತ್ತಿದ್ದವು. ತನ್ನದು ಶಿಸ್ತಿನ ಮನೆ ಎಂದು ಅವನು ನಂಬಿದ್ದ. ಆಫೀಸಿನಲ್ಲೂ ಹಾಗೇ ಹೇಳಿಕೊಳ್ಳುತ್ತಿದ್ದ.

ಅಂದಿನಿಂದ ಮನೆಗೆ ಗರ ಬಡಿದಂತಾಯಿತು. ಸಂಜೆಯಾದರೆ ಮಗಳು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. "ಬೆಕ್ಕಿನ ಹಾಗೆ ಬಂದು ನಿಂತ್ಕೋತೀರಿ, ಎದೆ ಧಸಕ್ ಅನ್ನುತ್ತೆ," ಎಂದು ಹೆಂಡತಿ ಮಾತು ಕಡಿಮೆ ಮಾಡಿದಳು. ತಾಯಿ ಅರ್ಧ ಊಟಕ್ಕೇ ಎದ್ದು ಕೋಣೆ ಸೇರತೊಡಗಿದಳು.

"ಹುಷಾರಿಲ್ವೇನಮ್ಮ?" ಇನ್‌ಸ್ಪೆಕ್ಟರ್ ಒಂದು ದಿನ ಅವಳ ಕೋಣೆಗೇ ಹೋಗಿ ಕೇಳಿದ.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಮತ್ತೆ ಮಾತೇ ಇಲ್ವಲ್ಲ?"

"ಆಡ್ತಿದ್ದ ಮಾತೆಲ್ಲ ನಿನ್ನ ಮೇಲೇ ಇತ್ತು ಕಣೋ. ಈಗ ಹೇಗೆ ಆಡ್ಲಿ?"

ಇನ್‌ಸ್ಪೆಕ್ಟರ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಗೆಲುವಾಗಿದ್ದನ್ನು ಅವನು ನೋಡಿದ್ದು ಆ ಸಂಜೆ ಒಂದೇ ಸಲ, ಅದೂ ಅವಳಿಗೆ ಗೊತ್ತಿಲ್ಲದೆ. ಮರುದಿನ ರಜೆ ಹಾಕಿ ಕಾರು ಕೊಂಡ ಷೋರೂಮಿಗೆ ಹೋದ.

"ಏನು ತೊಂದರೆ ಸಾರ್?" ಎಂದ ಮೆಕ್ಯಾನಿಕ್.

"ಸದ್ದಿಲ್ಲ."

"ಅದು ತೊಂದರೆ ಅಲ್ಲ ಸಾರ್. ಅದಕ್ಕೇ ಅಲ್ವಾ ಜನ ತಗೊಳ್ಳೋದು?"

"ನನಗೆ ಸದ್ದು ಬೇಕು. ಹಾಕಿಕೊಡೋಕೆ ಆಗುತ್ತಾ?"

"ಸ್ಪೀಕರ್ ಕೂರಿಸಬಹುದು. ರೇಸ್ ಕಾರಿನದ್ದಿದೆ, ವಿಮಾನದ್ದಿದೆ. ಯಾವುದು ಬೇಕು?"

"ತೂತುಬಿದ್ದ ಸೈಲೆನ್ಸರ್ ಇದೆಯಾ?"

ಮೆಕ್ಯಾನಿಕ್ ಅವನ ಮುಖವನ್ನೇ ನೋಡಿದ. ತಮಾಷೆಯಲ್ಲ ಎಂದು ಖಾತ್ರಿಯಾದ ಮೇಲೆ, "ಹಾರ್ನ್ ಇದೆಯಲ್ಲ ಸಾರ್," ಎಂದ.

ಅಂದೇ ಸಂಜೆ ಇನ್‌ಸ್ಪೆಕ್ಟರ್ ಬೀದಿಯ ತಿರುವಿನಲ್ಲಿ ಉದ್ದಕ್ಕೆ ಹಾರ್ನ್ ಬಾರಿಸಿದ. ಒಳಗೆ ಹೋದಾಗ ಬೇಡದ ದೀಪಗಳು ಆರಿದ್ದವು. ಮಗಳ ಕೈಯಲ್ಲಿ ಪುಸ್ತಕ ನೆಟ್ಟಗಿತ್ತು. ಮರುದಿನವೂ ಬಾರಿಸಿದ, ಅದರ ಮರುದಿನವೂ. ಮಗಳು ಕಿಟಕಿ ಬಿಟ್ಟಳು. ಹೆಂಡತಿಯ ಎದೆಬಡಿತ ಹದಕ್ಕೆ ಬಂತು. ತಾಯಿ ಎರಡನೆಯ ಸಲ ಬಡಿಸಿಕೊಂಡಳು. ಮನೆ ಮೊದಲಿನ ಶಿಸ್ತಿಗೆ ಮರಳಿತು.

ಎದುರು ಬದಿಯ ಟೈಲರ್‌ಗೆ ಮಾತ್ರ ಒಂದು ಸಂಗತಿ ಅರ್ಥವಾಗಲಿಲ್ಲ. ದಿನಾ ಸಂಜೆ ಇನ್‌ಸ್ಪೆಕ್ಟರ್ ಕಾರು ಸದ್ದಿಲ್ಲದೆ ಬಂದು ಮನೆಯ ಕಿಟಕಿಯ ಪಕ್ಕ ನಿಲ್ಲುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದಿಲ್ಲದೆ ಹೊರಟು, ಹಿಂದಿನ ಬೀದಿ ಸುತ್ತಿ, ತಿರುವಿನಲ್ಲಿ ಹಾರ್ನ್ ಬಾರಿಸಿಕೊಂಡು ಮತ್ತೆ ಬರುತ್ತಿತ್ತು. ಕೊನೆಗೊಂದು ದಿನ ತಡೆಯಲಾರದೆ ಅಳತೆ ಟೇಪು ಕೊರಳಲ್ಲಿರುವಂತೆಯೇ ರಸ್ತೆ ದಾಟಿ ಬಂದು, ಕಾರಿನೊಳಗೆ ಬಗ್ಗಿ ನೋಡಿದ.

ಇನ್‌ಸ್ಪೆಕ್ಟರ್ ಗಾಜು ಇಳಿಸಿಕೊಂಡು, ಕರ್ಚೀಫು ಬಾಯಿಗೆ ಒತ್ತಿಕೊಂಡು ಕೂತಿದ್ದ. ಅವನ ಭುಜಗಳು ಕುಲುಕುತ್ತಿದ್ದವು. ಮನೆಯೊಳಗಿಂದ ಮುದುಕಿಯ ದನಿ ಕೇಳುತ್ತಿತ್ತು: "ಇನ್ನೇನು, ತುತ್ತೂರಿ ಊದಿಸ್ಕೊಂಡು ಮಹಾರಾಜರ ಸವಾರಿ ಬರುತ್ತೆ ನೋಡ್ರೇ!" ಹಿಂದೆಯೇ ನಗುವಿನ ಅಲೆ.

"ಯಾಕ್ ಸಾರ್, ಇಲ್ಲೇ ಕೂತಿದೀರಿ?" ಟೈಲರ್ ಕೇಳಿದ. "ಮನೇಲಿ ಯಾರೂ ಇಲ್ವಾ?"

"ಮೆಲ್ಲಗೆ," ಎಂದ ಇನ್‌ಸ್ಪೆಕ್ಟರ್ ಕಣ್ಣೊರೆಸಿಕೊಳ್ಳುತ್ತಾ. "ಎಲ್ಲರೂ ಇದ್ದಾರೆ. ನಾನು ಒಳಗೆ ಹೋದ್ರೆ ಹೋಗ್ಬಿಡ್ತಾರೆ."