ಬಲಗಣ್ಣಿನ ಭೂತಗನ್ನಡಿ

ಅಂಗವಿಕಲರ ಭತ್ಯೆ ಕಚೇರಿಯ ಮೇಡಂ ವಾಚ್ ಅಂಗಡಿಯ ಬಾಗಿಲಲ್ಲಿ ಕಾಣಿಸಿದ್ದೇ ತಡ, ಹಿಂದೆ ಲಾರಿ ಡ್ರೈವರಾಗಿದ್ದವನು ಕೈಲಿದ್ದ ಚಿಮಟವನ್ನು ಡ್ರಾಯರಿಗೆ ತುರುಕಿ, ಅಪಘಾತದಲ್ಲಿ ಮುರಿದ ಕಾಲನ್ನು ಎದ್ದು ಕಾಣುವಂತೆ ಮುಂದಕ್ಕೆ ಚಾಚಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರು ಬಾಯಿ ತೆರೆಯುವ ಮೊದಲೇ ಶುರುಮಾಡಿದ.

“ಕೆಲಸ ಅಲ್ಲ ಮೇಡಂ! ಯಜಮಾನರು ಊಟಕ್ಕೆ ಹೋಗಿದಾರೆ, ಸುಮ್ನೆ ಅಂಗಡಿ ನೋಡ್ಕೊಂಡು ಕೂತಿದೀನಿ. ಈ ಕಾಲಿಟ್ಕೊಂಡು ನನ್ನ ಕೈಲಿ ಏನಾಗುತ್ತೆ, ನೀವೇ ಹೇಳಿ.” ಮೊಣಕಾಲು ಸವರಿಕೊಂಡು ಸಣ್ಣಗೆ ನರಳಿದ ಕೂಡ. ಆರು ತಿಂಗಳು ಬೆನ್ನು ಬಗ್ಗಿಸಿ ಕಲಿತ ವಾಚ್ ರಿಪೇರಿ ವಿದ್ಯೆಯನ್ನು ಒಂದೇ ಉಸಿರಿಗೆ ಇಲ್ಲವೆಂದಿದ್ದ.

ಮೇಡಂ ನಗಲಿಲ್ಲ. ತಮ್ಮ ಬಲಗಣ್ಣಿನ ಹತ್ತಿರ ಬೆರಳಿಟ್ಟು ತೋರಿಸಿದರು. ಅವನೂ ತನ್ನ ಕಣ್ಣು ಮುಟ್ಟಿ ನೋಡಿಕೊಂಡ. ರಿಪೇರಿಯ ಭೂತಗನ್ನಡಿ ಅಲ್ಲೇ ಕಚ್ಚಿಕೊಂಡಿತ್ತು. ದಿನವಿಡೀ ಹಾಕಿಕೊಂಡೇ ಇರುವವನಿಗೆ ಅದರ ನೆನಪೇ ಇರಲಿಲ್ಲ.

“ಕೆಲಸಕ್ಕೆ ಸೇರಿದ್ರೂ ಒಂದು ವರ್ಷ ಭತ್ಯೆ ನಿಲ್ಲಲ್ಲ ಅಂತ ಅರ್ಜಿ ಕೊಟ್ಟ ದಿನಾನೇ ಹೇಳಿದ್ನಲ್ಲ. ಒಂದು ಫಾರಂ ತುಂಬಿ ಕೊಟ್ರೆ ಸಾಕು.” ಬ್ಯಾಗಿನಿಂದ ನಿಂತುಹೋದ ವಾಚೊಂದನ್ನು ತೆಗೆದು ಅವನ ಮುಂದಿಟ್ಟರು. “ನಮ್ಮಪ್ಪಂದು. ಹೊಸ ರಿಪೇರಿಯವರ ಕೈ ಚೆನ್ನಾಗಿ ಪಳಗಿದೆ ಅಂದ್ರು, ಅದಕ್ಕೇ ಬಂದೆ. ಅದು ನೀವೇನಾ?”

ಚಾಚಿದ ಕಾಲನ್ನು ಅವನು ಮೆಲ್ಲಗೆ ಮೇಜಿನಡಿಗೆ ಎಳೆದುಕೊಂಡ. “ಹೂಂ ಮೇಡಂ,” ಎಂದು ವಾಚಿನ ಮೇಲೆ ಬಗ್ಗಿ, ಎಡಗಣ್ಣು ಮುಚ್ಚಿದ. ಭೂತಗನ್ನಡಿಯಲ್ಲಿ ಮುಳ್ಳುಗಳು ಮಾತ್ರ ಕಾಣುತ್ತಿದ್ದವು, ಮೇಡಂ ಮುಖ ಕಾಣುತ್ತಿರಲಿಲ್ಲ. ಅವರು ಹೋಗುವವರೆಗೂ ಅವನು ತಲೆಯೆತ್ತಲಿಲ್ಲ.