ಮುಟ್ಟದ ಚೀಟಿ

"ಆ ಚೀಟಿ ನೀನೇ ಇಟ್ಕೋ ಕಣಮ್ಮ, ನಾನು ಮುಟ್ಟಲ್ಲ," ಎಂದು ಗುಬ್ಬಿಯ ಬೀಡಿ ಬ್ರಾಂಚಿನಲ್ಲಿ ಹೆಂಗಸರು ಸುತ್ತಿ ತಂದ ಬೀಡಿ ತೆಗೆದುಕೊಳ್ಳುವ ಲಕ್ಷ್ಮೀಕಾಂತ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಆರು ತಿಂಗಳು ಮಾತ್ರೆ ನುಂಗಿದ ಮೇಲೆ, ಟಿಬಿ ವಾಸಿಯಾಗಿದೆ ಎಂದು ತುಮಕೂರಿನ ಡಾಕ್ಟರು ಬರೆದುಕೊಟ್ಟ ಚೀಟಿ, ಹೊಸ್ತಿಲಾಚೆ ಸಾಲಿನ ಮುಂದೆ ನಿಂತಿದ್ದ ಕುಲ್ಸುಂ ಬೀಯ ಚಾಚಿದ ಕೈಯಲ್ಲೇ ಉಳಿಯಿತು.

"ಓದಿ ನೋಡಿ ಅಣ್ಣ."

"ಏನಾದ್ರೂ ಬರ್ದಿರ್ಲಿ. ನಾಳೆಯಿಂದ ನಿನಗೆ ಎಲೆ, ತಂಬಾಕು ಕೊಡಲ್ಲ. ಬೇರೆ ಹೆಂಗಸ್ರಿಗೆ ಅಂಟಿದ್ರೆ ಯಾರು ಜವಾಬ್ದಾರಿ? ಬೀಡಿ ಇಟ್ಟು ಹೊರಡು."

ಇಪ್ಪತ್ತು ವರ್ಷ ಇವರ ತಂಬಾಕಿನ ಧೂಳು ಕುಡಿದ ಎದೆ ಅವಳದು. ಅದಕ್ಕೆ ಯಾರು ಜವಾಬ್ದಾರಿ ಎಂದು ಕೇಳಬೇಕು ಅನ್ನುವಷ್ಟರಲ್ಲಿ ಲಕ್ಷ್ಮೀಕಾಂತ್ ಹೊಸ್ತಿಲ ಮೇಲಿದ್ದ ಅವಳ ಬೀಡಿ ಮೊರ ಎಳೆದುಕೊಂಡ. ಪ್ರತಿ ಮೊರದಿಂದಲೂ ಒಂದು ಬೀಡಿ ಸೇದಿ ನೋಡುವುದು ಅವನ ದಿನದ ರೂಢಿ. ಕೈ ತಾನಾಗಿಯೇ ಹೋಯಿತು. ಕರವಸ್ತ್ರ ಕೆಳಗಿಳಿಯಿತು. ಅವಳು ಸುತ್ತಿದ ಬೀಡಿಯನ್ನು ತುಟಿಗೆ ಸಿಕ್ಕಿಸಿ, ಕಡ್ಡಿ ಗೀರಿ, ಹೊಗೆಯನ್ನು ಎದೆ ತುಂಬ ಎಳೆದುಕೊಂಡ.

ಕುಲ್ಸುಂ ಬೀ ಹೊಸ್ತಿಲು ದಾಟಿ ಒಳಗೇ ಬಂದಳು. "ಸೇದಿ ಅಣ್ಣ, ಚೆನ್ನಾಗಿ ಸೇದಿ. ಚೀಟಿ ಮುಟ್ಟಿದ್ರೆ ಅಂಟುತ್ತೆ, ನನ್ನ ಬೀಡಿ ಬಾಯಿಗಿಟ್ರೆ ಅಂಟಲ್ವಾ?"

ಹೊಗೆ ಗಂಟಲಲ್ಲೇ ಸಿಕ್ಕಿ ಲಕ್ಷ್ಮೀಕಾಂತ್ ಜೋರಾಗಿ ಕೆಮ್ಮಿದ. ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡರು.