ಪರೀಕ್ಷೆಗೆ ಬಂದ ನಾಯಿ

ಹೆಂಗಸು ನಾಯಿಯ ಹೆಸರಿಗಿಂತ ಮೊದಲು ಪಾಲಿಸಿ ಸಂಖ್ಯೆ ಹೇಳಿದಳು. ಡಾಕ್ಟರಿಗೆ ಆಗಲೇ ಅನುಮಾನ ಬಂತು.

"ಏನು ತೊಂದರೆ?"

"ನೀರು ತುಂಬ ಕುಡೀತಾಳೆ. ಮೂರು ದಿನದಿಂದ ಊಟ ಮುಟ್ಟಿಲ್ಲ. ಬೆದೆ ಮುಗಿದು ಐದು ವಾರ ಆಯ್ತು."

ಇದೇ ಮಾತು, ಇದೇ ಕ್ರಮದಲ್ಲಿ, ವಿಮಾ ಕಂಪನಿಯ ಅರ್ಜಿಯ ಎರಡನೇ ಪುಟದಲ್ಲಿದೆ. ನಾಯಿ ಸಾಕಿದವರು ಹೀಗೆ ಮಾತಾಡುವುದಿಲ್ಲ. ಚಪ್ಪಲಿ ಕಚ್ಚಿದ ಕತೆಯಿಂದ ಶುರು ಮಾಡುತ್ತಾರೆ.

ಕಳೆದ ತಿಂಗಳು ಡಾಕ್ಟರು ಸಿಕ್ಕಿಬಿದ್ದಿದ್ದರು. ಸಂತಾನಹರಣಕ್ಕೆ ವಿಮೆ ಇಲ್ಲ. ಅದು ಮಾಲೀಕರ ಇಷ್ಟ. ಸೋಂಕಾಯಿತೆಂದು ಅದೇ ಗರ್ಭಕೋಶವನ್ನು ತೆಗೆದರೆ ವಿಮೆ ಇದೆ. ಒಬ್ಬ ಮುದುಕ ಗೋಗರೆದನೆಂದು ಗಟ್ಟಿಮುಟ್ಟಾದ ನಾಯಿಗೆ ಸೋಂಕು ಎಂದು ಬರೆದುಕೊಟ್ಟಿದ್ದರು. ಮುದುಕ ಡಾಕ್ಟರನ್ನು ಪರೀಕ್ಷಿಸಲು ಕಂಪನಿ ಕಳಿಸಿದವನು. ನಾಯಿಯೂ ಕಂಪನಿಯದೇ. ಇನ್ನೊಮ್ಮೆ ಹೀಗಾದರೆ ಕಂಪನಿ ಒಪ್ಪಿದ ಡಾಕ್ಟರುಗಳ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದು ಪತ್ರ ಬಂತು. ಪಟ್ಟಿಯಲ್ಲಿಲ್ಲದ ಡಾಕ್ಟರ ಬಾಗಿಲಿಗೆ ನೊಣವೂ ಬರುವುದಿಲ್ಲ. ಎರಡು ಬೀದಿ ಆಚೆಯ ಕ್ಲಿನಿಕ್ಕು ಹಾಗೆಯೇ ಮುಚ್ಚಿತು. ಈಗ ಅಲ್ಲಿ ಕನ್ನಡಕ ಮಾರುತ್ತಾರೆ.

ಅವರು ಹೆಂಗಸನ್ನು ಅಳೆದು ನೋಡಿದರು. ಫೋನು ಮೇಜಿನ ಮೇಲೆ ಬೋರಲು. ಕಾಗದಗಳ ಮೂಲೆಯಲ್ಲಿ ಗೀಟು ಹಾಕಿದಂತೆ ನೇರವಾದ ಪಿನ್ನು. ಕೈಚೀಲದ ಬಾಯಿಂದ ಗುರುತಿನ ಚೀಟಿಯ ದಾರ ಇಣುಕುತ್ತಿತ್ತು. ಕಂಪನಿಯ ಪತ್ರದ ಮೇಲಿದ್ದ ಅದೇ ನೀಲಿ.

ನಾಯಿ ಟೇಬಲಿನ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿತ್ತು. ಬೊಗಳಲಿಲ್ಲ, ಮೂಸಲಿಲ್ಲ. ಹತ್ತು ಕ್ಲಿನಿಕ್ಕು ಸುತ್ತಿ ಪಳಗಿದೆ ಎಂದುಕೊಂಡರು.

"ಡಾಕ್ಟ್ರೇ, ಒಂದೇ ಒಂದು ಕೇಳ್ಕೋತೀನಿ. ಸಂತಾನಹರಣ ಅನ್ನೋ ಪದ ಎಲ್ಲೂ ಬರಬಾರದು. ಗರ್ಭಕೋಶದ ಸೋಂಕು ಅಂತಲೇ ಬರೀರಿ. ಇವತ್ತೇ ಬೇಕು."

"ಯಾಕಮ್ಮ ಅಷ್ಟು ಅವಸರ?"

"ಮಂಜೂರಾತಿ ಇಲ್ದೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ತಗೊಳ್ಳಲ್ಲ. ಕೈಯಿಂದ ಹಾಕೋಕೆ ನನ್ನ ಹತ್ರ ಏನೂ ಉಳಿದಿಲ್ಲ."

ಕಣ್ಣು ತುಂಬಿಕೊಂಡಳು. ಮುದುಕನೂ ಇದೇ ಹಂತಕ್ಕೆ ಕಣ್ಣು ತುಂಬಿಕೊಂಡಿದ್ದ.

ಕಾಂಪೌಂಡರ್ ಅಕ್ಕ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಸಾರ್, ಮೈ ಸುಡ್ತಿದೆ. ಒಂದ್ಸಲ ಹೊಟ್ಟೆ ಮುಟ್ಟಿ ನೋಡಿ."

ಡಾಕ್ಟರು ಅವಳನ್ನು ಔಷಧಿ ಕೋಣೆಗೆ ಕರೆದರು. "ಹೋದ ಸಲ ಪಾಪ ಅಂದವರು ನೀವೇ ಅಕ್ಕ. ಆ ಪಾಪಕ್ಕೆ ಏನು ಬಂತು ನೋಡಿದ್ರಲ್ಲ. ಇವಳು ಕಂಪನಿಯವಳು. ಬಿಸಿಲಲ್ಲಿ ನಿಲ್ಲಿಸಿ ಕರ್ಕೊಂಡು ಬಂದಿರ್ತಾಳೆ."

"ನಾಯಿ ನಾಟಕ ಆಡುತ್ತಾ ಸಾರ್?"

"ಸಂಬಳ ಕೊಟ್ರೆ ಯಾರು ಬೇಕಾದ್ರೂ ಆಡ್ತಾರೆ."

ಹೊರಗೆ ಬಂದು, ನಿಂತಲ್ಲೇ ಬರೆದರು. ಪರೀಕ್ಷಿಸಲಾಗಿದೆ. ಆರೋಗ್ಯವಾಗಿದೆ. ಮಾಲೀಕರು ಕೋರಿರುವುದು ಸಂತಾನಹರಣ. ಸೀಲು ಒತ್ತಿ, ಕಂಪನಿಗೂ ಒಂದು ಪ್ರತಿಯನ್ನು ತಾವೇ ಕಳಿಸಿದರು.

ಹೆಂಗಸು ಎರಡು ಸಲ ಓದಿದಳು. "ಇದು ಒಮ್ಮೆ ಫೈಲಿಗೆ ಹೋದ್ರೆ ಮತ್ತೆ ಯಾರೂ ತೆರೆಯಲ್ಲ ಡಾಕ್ಟ್ರೇ. ನಂಗೊತ್ತು."

"ನಿಮಗೆ ಗೊತ್ತಿಲ್ದೆ ಇರುತ್ತಾ?" ಡಾಕ್ಟರು ನಕ್ಕರು. "ನಿಮ್ಮ ಸಾಹೇಬರಿಗೆ ಹೇಳಿ, ಈ ಸಲ ನಾನು ಪಾಸಾದೆ ಅಂತ."

ಅವಳು ಕಾಗದವನ್ನು ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ನಾಯಿಯ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು, ತುಂಬಿದ ಪಾತ್ರೆ ಹಿಡಿದವಳಂತೆ ಮೆಟ್ಟಿಲಿಳಿದಳು.

ಮರುದಿನ ಹನ್ನೊಂದಕ್ಕೆ ಕಂಪನಿಯ ಪತ್ರ ಬಂತು. ವರದಿಯ ಮೇರೆಗೆ ಅರ್ಜಿ ತಿರಸ್ಕೃತ. ಪಟ್ಟಿಯಲ್ಲಿ ತಮ್ಮ ಹೆಸರು ಮುಂದುವರಿಯುತ್ತದೆ. ಡಾಕ್ಟರು ಅದನ್ನು ಅಕ್ಕನಿಗೆ ಓದಿ ಹೇಳುತ್ತಿದ್ದಾಗ ಫೋನು ಬಂತು. ದೊಡ್ಡಾಸ್ಪತ್ರೆಯ ಸರ್ಜನ್.

"ನಿನ್ನೆ ನೀವು ಆರೋಗ್ಯವಾಗಿದೆ ಅಂತ ಬರೆದ ನಾಯಿ ಈಗ ನನ್ನ ಟೇಬಲ್ ಮೇಲೆ ಸತ್ತಿತು. ಮಂಜೂರಾತಿ ಇಲ್ದಿದ್ರೂ ಕೊನೆಗೆ ನಾನೇ ತಗೊಂಡೆ, ತಡವಾಗಿತ್ತು. ಗರ್ಭಕೋಶ ಒಡೆದು ಹೊಟ್ಟೆ ತುಂಬ ಕೀವು. ನೀವು ಏನು ಪರೀಕ್ಷೆ ಮಾಡಿದ್ರಿ?"

ಡಾಕ್ಟರು ಕಂಪನಿಯ ಪತ್ರವನ್ನು ಮೇಜಿನ ಮೇಲಿಟ್ಟರು. "ಅದು ಕಂಪನಿಯವರು ನನ್ನ ಮೇಲೆ ಬಿಟ್ಟ ನಾಯಿ. ಆ ಹೆಂಗಸು ಕಂಪನಿಯವಳು."

"ಹೌದು, ಅವರು ಕಂಪನಿಯವರೇ," ಎಂದರು ಸರ್ಜನ್. "ಇಂಥ ಅರ್ಜಿಗಳನ್ನ ತಿರಸ್ಕರಿಸೋ ಮೇಜಿನ ಹಿಂದೆ ಎಂಟು ವರ್ಷದಿಂದ ಕೂತಿದ್ದಾರೆ. ನಾಯಿ ಅವರ ಸ್ವಂತದ್ದು."